ಕ್ರಾಕೋವ್: ಉಳಿದ ಊರು, ಹೋದ ಜನ

ಮಂಗಳವಾರ, ಸಂಜೆ

ವಾರ್ಸಾದಿಂದ ಕ್ರಾಕೋವಿಗೆ ರೈಲಿನಲ್ಲಿ ಎರಡೂವರೆ ಗಂಟೆ. ಎರಡೂ ಪೋಲೆಂಡಿನ ದೊಡ್ಡ ಊರುಗಳೇ, ಆದರೆ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ. ವಾರ್ಸಾದಲ್ಲಿ ಹಳೇ ಪೇಟೆ ಅಂತ ತೋರಿಸುವುದೆಲ್ಲ ಎರಡನೇ ಮಹಾಯುದ್ಧ ಮುಗಿದ ಮೇಲೆ ಮತ್ತೆ ಕಟ್ಟಿದ್ದು. ಜರ್ಮನ್ನರು ಆ ಊರನ್ನು ಬೀದಿ ಬೀದಿಯಾಗಿ ಕೆಡವಿದ್ದರು. ಕ್ರಾಕೋವಿಗೆ ಹಾಗಾಗಲಿಲ್ಲ. ಇಲ್ಲಿನ ಚರ್ಚುಗಳು, ಗಲ್ಲಿಗಳು, ಮನೆಗಳು ಹೆಚ್ಚುಕಡಿಮೆ ಇದ್ದ ಹಾಗೇ ಯುದ್ಧವನ್ನು ದಾಟಿ ಬಂದಿವೆ. 1978ರಲ್ಲಿ ಯುನೆಸ್ಕೋ ಮೊಟ್ಟಮೊದಲ ವಿಶ್ವ ಪರಂಪರೆ ಪಟ್ಟಿ ಹೊರಡಿಸಿದಾಗ ಅದರಲ್ಲಿದ್ದದ್ದು 12 ತಾಣ ಮಾತ್ರ. ಅದರಲ್ಲಿ ಒಂದು ಕ್ರಾಕೋವಿನ ಹಳೇ ಊರು. ಇನ್ನೊಂದು ಇದರ ಪಕ್ಕದಲ್ಲೇ ಇರುವ ವಿಯೆಲಿಚ್ಕಾ ಉಪ್ಪಿನ ಗಣಿ.

ನಾನು ಬಂದದ್ದು ಆ ಹಳೇ ಕಟ್ಟಡಗಳನ್ನು ನೋಡುವುದಕ್ಕೇ. ಆದರೆ ಈ ಊರಿನಲ್ಲಿ ನಡೆದಾಡಿದಷ್ಟೂ ಬೇರೆಯದೇ ಪ್ರಶ್ನೆ ಬೆನ್ನು ಹತ್ತಿತು. ಮನೆಗಳೆಲ್ಲ ಇವೆ, ಸರಿ. ಅವುಗಳಲ್ಲಿ ಇದ್ದವರು ಎಲ್ಲಿ?

ಸ್ಟೇಷನ್ನಿನಿಂದ ಹೊರಡುವ ದಾರಿ ಒಂದು ದೊಡ್ಡ ಮಾಲ್ ಪಕ್ಕದಲ್ಲೇ ಹಾಯುತ್ತದೆ. ಅದನ್ನು ದಾಟಿ, ರಸ್ತೆಯ ಕೆಳಗಿನ ಸುರಂಗದಾರಿಯಿಂದ ಮೇಲೆ ಬಂದರೆ ಪ್ಲಾಂಟಿ. ಒಂದು ಕಾಲಕ್ಕೆ ಊರಿನ ಸುತ್ತ ಕೋಟೆಗೋಡೆ ಇತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಅದನ್ನು ಕೆಡವಿ, ಕಂದಕ ಮುಚ್ಚಿ, ಮರ ನೆಟ್ಟರು. ಈಗ ಅದು ಹಳೇ ಊರನ್ನು ಸುತ್ತುವ ಸುಮಾರು 4 ಕಿಲೋಮೀಟರ್ ಉದ್ದದ ತೋಟ. ಸೆಪ್ಟೆಂಬರ್ ಕೊನೆಯ ವಾರ, ಚೆಸ್ಟ್‌ನಟ್ ಕಾಯಿ ಉದುರುವ ಕಾಲ. ಮಕ್ಕಳು ಆರಿಸಿ ಜೇಬು ತುಂಬಿಸಿಕೊಳ್ಳುತ್ತಿದ್ದರು. ಕೋಟೆಯ ಒಂದು ತುಂಡನ್ನು ಮಾತ್ರ ಆಗಿನವರು ಉಳಿಸಿದ್ದಾರೆ: ಫ್ಲೋರಿಯಾನ್ ಬಾಗಿಲು, ಅದರ ಮುಂದೆ ಬಾರ್ಬಿಕನ್ ಎಂಬ ದುಂಡನೆಯ ಇಟ್ಟಿಗೆಯ ಕಾವಲು ಕೋಟೆ. ಅದರ ಕೆಲಸ ಶುರುವಾದದ್ದು 1498ರಲ್ಲಿ.

ಟ್ರಾಮ್ ಇತ್ತು. ಬೇಡ ಅಂತ ನಡೆದೇ ಹೋದೆ. ಬಾಗಿಲು ದಾಟಿದರೆ ಫ್ಲೋರಿಯಾನ್‌ಸ್ಕಾ ಬೀದಿ, ಅದರ ತುದಿಗೆ ದೊಡ್ಡ ಚೌಕ, ಚೌಕ ದಾಟಿದರೆ ಗ್ರೊದ್ಸ್ಕಾ ಬೀದಿ, ಆಮೇಲೆ ಅರಮನೆಯಿರುವ ವಾವೆಲ್ ಗುಡ್ಡದ ಬುಡ, ಅಲ್ಲಿಂದ ಯಹೂದಿಗಳ ಹಳೇ ಕೇರಿ ಕಾಜಿಮಿಯೆಜ್. ಬೆನ್ನಿಗೆ ಚೀಲ ಇದ್ದರೂ ಅರ್ಧ ಗಂಟೆ ಸಾಕಾಯಿತು. ರಾಜರು ಪಟ್ಟಾಭಿಷೇಕಕ್ಕೆ ಮೆರವಣಿಗೆ ಹೋಗುತ್ತಿದ್ದ ದಾರಿ ಇದು. ಮೊದಲ ಸಲ ಬರುವವರು ಹೀಗೇ ಬರಬೇಕು ಅಂತ ನನ್ನ ಅನಿಸಿಕೆ.

ಹಾಸ್ಟೆಲ್ ಕಾಜಿಮಿಯೆಜಿನ ಹಳೇ ಕಟ್ಟಡವೊಂದರ ಮೂರನೇ ಮಹಡಿಯಲ್ಲಿತ್ತು. ಲಿಫ್ಟ್ ಇಲ್ಲ. ಕಲ್ಲಿನ ಮೆಟ್ಟಿಲುಗಳು ನಡುವೆ ಸವೆದು ತಗ್ಗಾಗಿವೆ. ಬಾಗಿಲಲ್ಲೇ ಬೂಟು ಬಿಡಬೇಕು. ನನಗದು ಬಹಳ ಹಿಡಿಸಿತು. ಕೋಣೆಯಲ್ಲಿ ಎಂಟು ಹಾಸಿಗೆ, ಮೇಲೊಂದು ಕೆಳಗೊಂದು. ಪ್ರತಿ ಹಾಸಿಗೆಗೂ ಪರದೆ, ಚಿಕ್ಕ ದೀಪ, ಚಾರ್ಜರಿಗೆ ಒಂದು ಪಾಯಿಂಟ್. ಕೆಳಗೆ ಕಬ್ಬಿಣದ ಲಾಕರ್. ಬೀಗ ನಮ್ಮದೇ ತರಬೇಕು. ರಾತ್ರಿ ಹತ್ತರ ನಂತರ ಕೋಣೆಯಲ್ಲಿ ಮಾತಿಲ್ಲ. ಯುರೋಪಿನಲ್ಲಿ ಒಂಟಿಯಾಗಿ ತಿರುಗುವ ಹೆಣ್ಣುಮಕ್ಕಳಿಗೆ ನಾನು ಯಾವಾಗಲೂ ಹೇಳುವುದು ಇಷ್ಟೇ: ಬರೀ ಹೆಂಗಸರ ಕೋಣೆ ಇರುವ, ರಾತ್ರಿಯಿಡೀ ರಿಸೆಪ್ಷನ್ನಿನಲ್ಲಿ ಯಾರಾದರೂ ಇರುವ ಜಾಗ ನೋಡಿ. ಐದಾರು ಯುರೋ ಜಾಸ್ತಿ ಆದರೂ ಪರವಾಗಿಲ್ಲ. ಅಂದಹಾಗೆ ಪೋಲೆಂಡಿನಲ್ಲಿ ಯುರೋ ನಡೆಯುವುದಿಲ್ಲ. ಅವರ ಹಣ ಝ್ವಾಟಿ.

ರಿಸೆಪ್ಷನ್ ಪಕ್ಕದ ಗೋಡೆಯ ತುಂಬ ಪ್ರವಾಸದ ಚೀಟಿಗಳು. ಅದರಲ್ಲಿ ಒಂದು, ‘ಔಶ್ವಿಟ್ಸ್ ಮತ್ತು ಉಪ್ಪಿನ ಗಣಿ, ಒಂದೇ ದಿನದಲ್ಲಿ’. ಔಶ್ವಿಟ್ಸ್ ಇಲ್ಲಿಂದ ಪಶ್ಚಿಮಕ್ಕೆ 70 ಕಿಲೋಮೀಟರ್ ಒಳಗೇ ಇದೆ. ಯುದ್ಧದ ಕಾಲದಲ್ಲಿ ನಾಜಿಗಳು ಹನ್ನೊಂದು ಲಕ್ಷದಷ್ಟು ಜನರನ್ನು ಕೊಂದ ಶಿಬಿರ. ಬೆಳಿಗ್ಗೆ ಅಲ್ಲಿ ನಿಂತು, ಮಧ್ಯಾಹ್ನ ಉಪ್ಪಿನ ದೀಪಗುಚ್ಛಗಳ ಫೋಟೊ ತೆಗೆಯುವುದು ನನ್ನಿಂದ ಆಗದು. ಅಲ್ಲಿಗೆ ಅದಕ್ಕೆಂದೇ ಬೇರೆ ಸಲ ಬರುತ್ತೇನೆ ಅಂತ ಅಲ್ಲೇ ನಿರ್ಧರಿಸಿದೆ.

ನನ್ನ ಕೆಳಗಿನ ಹಾಸಿಗೆಯಲ್ಲಿ ಗ್ದಾನ್‌ಸ್ಕ್ ಊರಿನ ಒಬ್ಬ ನಿವೃತ್ತ ಶಿಕ್ಷಕಿ. ಅರವತ್ತು ದಾಟಿದವರು, ಇತಿಹಾಸ ಕಲಿಸಿದವರು. ಹಾಸ್ಟೆಲಿನಲ್ಲಿ ಈ ವಯಸ್ಸಿನವರನ್ನು ನೋಡಿದರೆ ನನಗೆ ಒಂದು ಥರದ ಧೈರ್ಯ ಬರುತ್ತದೆ. ಹೋಟೆಲ್ ರೂಮಿನಲ್ಲಿ ಗೋಡೆಯ ಜೊತೆ ಮಾತಾಡಬೇಕಾಗುತ್ತದೆ, ಅದಕ್ಕೇ ಇಲ್ಲಿಗೆ ಬರುತ್ತೇನೆ ಎಂದರು. ಮರುದಿನ ಮಧ್ಯಾಹ್ನ ಒಟ್ಟಿಗೆ ಊಟ ಮಾಡೋಣ ಎಂದೂ ಹೇಳಿದರು.

ಬುಧವಾರ

ಬೆಳಿಗ್ಗೆ ಏಳಕ್ಕೆ ಮೊದಲೇ ಚೌಕದಲ್ಲಿದ್ದೆ. ರಿನೆಕ್ ಅಂತ ಇದರ ಹೆಸರು. 1257ರಲ್ಲಿ ಊರಿನ ನಕ್ಷೆ ಹಾಕಿದಾಗ ಬಿಟ್ಟ ಜಾಗ. ಒಂದೊಂದು ಬದಿಯೂ ಸುಮಾರು 200 ಮೀಟರ್. ಹತ್ತು ಗಂಟೆಯ ಮೇಲೆ ಇಲ್ಲಿ ಕುದುರೆಗಾಡಿ, ಗೈಡುಗಳ ಛತ್ರಿ, ಪಾರಿವಾಳ, ಜನ. ಏಳು ಗಂಟೆಗೆ ಮಾತ್ರ ಅಂಗಡಿಗೆ ಹಾಲು ಇಳಿಸುವ ವ್ಯಾನು, ಕೆಲಸಕ್ಕೆ ಹೊರಟವರು, ಗುಡಿಸುವವರು. ನಡುವೆ ಸುಕಿಯೆನಿತ್ಸೆ, ಅಂದರೆ ಬಟ್ಟೆ ವ್ಯಾಪಾರಿಗಳ ಉದ್ದನೆಯ ಮಾಳಿಗೆ. 1555ರಲ್ಲಿ ಬೆಂಕಿ ಬಿದ್ದ ಮೇಲೆ ಈಗಿನ ರೂಪಕ್ಕೆ ಕಟ್ಟಿದರು.

ಗಂಟೆ ಏಳು ಹೊಡೆಯಿತು. ಸೇಂಟ್ ಮೇರಿ ಚರ್ಚಿನ ಎತ್ತರದ ಗೋಪುರದ ಕಿಟಕಿ ತೆರೆಯಿತು. ಬಿಸಿಲಿಗೆ ಹಿತ್ತಾಳೆಯ ಕಹಳೆಯ ಬಾಯಿ ಮಿನುಗಿತು. ನಿಧಾನಕ್ಕೆ ಶುರುವಾದ ರಾಗ, ಏರುತ್ತಾ ಹೋಗಿ, ಥಟ್ಟನೆ ನಿಂತಿತು. ಆಮೇಲೆ ಇನ್ನೊಂದು ಕಿಟಕಿ. ಹೀಗೆ ನಾಲ್ಕು ದಿಕ್ಕಿಗೂ. ಒಂದು ಅರಮನೆಯ ಕಡೆಗೆ, ರಾಜನಿಗೆ. ಒಂದು ಪುರಸಭೆಗೆ. ಒಂದು ಊರ ಬಾಗಿಲ ಕಡೆಗೆ, ಬರುವ ಅತಿಥಿಗಳಿಗೆ. ಕೊನೆಯದು ಅಗ್ನಿಶಾಮಕ ದಳದ ಮುಖ್ಯಸ್ಥನಿಗೆ. ಊದುವವರೂ ಅಗ್ನಿಶಾಮಕ ದಳದವರೇ. 81 ಮೀಟರ್ ಗೋಪುರದಲ್ಲಿ ಪಾಳಿಯ ಮೇಲೆ ಇದ್ದು ಹಗಲು ರಾತ್ರಿ ಪ್ರತಿ ಗಂಟೆಗೂ ಊದುತ್ತಾರೆ. ಮಧ್ಯಾಹ್ನ 12ರದ್ದನ್ನು ಪೋಲೆಂಡಿನ ರೇಡಿಯೊ 1927ರಿಂದ ದೇಶಕ್ಕೆಲ್ಲ ಕೇಳಿಸುತ್ತಿದೆ.

ರಾಗ ಅರ್ಧಕ್ಕೆ ನಿಲ್ಲುವುದಕ್ಕೆ ಒಂದು ಕಥೆ ಇದೆ. 1241ರಲ್ಲಿ ತಾತಾರರು ದಂಡೆತ್ತಿ ಬಂದಾಗ ಕಾವಲಿನವನು ಊರನ್ನು ಎಚ್ಚರಿಸಲು ಕಹಳೆ ಊದಿದನಂತೆ, ಬಾಣ ಅವನ ಗಂಟಲಿಗೆ ನಾಟಿತಂತೆ, ರಾಗ ಅಲ್ಲಿಗೇ ನಿಂತಿತಂತೆ. ಈ ಕಥೆ ಅಷ್ಟು ಹಳೆಯದಲ್ಲ, ಇಪ್ಪತ್ತನೇ ಶತಮಾನದಲ್ಲಿ ಹರಡಿದ್ದು ಅಂತ ನಮ್ಮ ಶಿಕ್ಷಕಿ ಆಮೇಲೆ ಹೇಳಿದರು. ಇರಲಿ. ಊದಿ ಮುಗಿಸಿದ ಮೇಲೆ ಆ ಮನುಷ್ಯ ಕಿಟಕಿಯಿಂದ ಕೈ ಹೊರಗೆ ಚಾಚಿ ಬೀಸಿದ. ಕೆಳಗೆ ಗುಡಿಸುತ್ತಿದ್ದ ಹೆಂಗಸೊಬ್ಬಳು ಪೊರಕೆ ಎತ್ತಿ ತೋರಿಸಿದಳು. ದಿನಾ ನಡೆಯುವ ವ್ಯವಹಾರ ಇರಬೇಕು. ನನಗೆ ಇಡೀ ಚೌಕದಲ್ಲಿ ಅತಿ ಇಷ್ಟವಾದದ್ದು ಇದೇ.

ಮೂಲೆಯ ಕೈಗಾಡಿಯಲ್ಲಿ ಒಬ್ವಜಾನೆಕ್ ಕೊಂಡೆ. ಎರಡೆಳೆ ಹೊಸೆದು ಬಳೆಯ ಆಕಾರಕ್ಕೆ ಸುತ್ತಿದ ರೊಟ್ಟಿ. ಮೊದಲು ನೀರಲ್ಲಿ ಬೇಯಿಸಿ ಆಮೇಲೆ ಒಲೆಯಲ್ಲಿ ಸುಡುತ್ತಾರೆ. ಮೇಲೆ ಉಪ್ಪು, ಎಳ್ಳು, ಇಲ್ಲವೆಂದರೆ ಗಸಗಸೆ. ಬಿಸಿಯಿದ್ದಾಗ ತಿನ್ನಬೇಕು, ಮಧ್ಯಾಹ್ನದ ಹೊತ್ತಿಗೆ ಗಟ್ಟಿಯಾಗುತ್ತದೆ.

ಒಂಬತ್ತರ ಹೊತ್ತಿಗೆ ವಿಶ್ವವಿದ್ಯಾಲಯದ ಕಡೆಗೆ ಹೊರಟೆ. ಯಾಗಿಯೆಲೋನಿಯನ್ ವಿಶ್ವವಿದ್ಯಾಲಯ ಶುರುವಾದದ್ದು 1364ರಲ್ಲಿ. ಕೊಪರ್ನಿಕಸ್ 1491ರಲ್ಲಿ ಇಲ್ಲಿ ಸೇರಿದ. ಹಳೇ ಕಟ್ಟಡದ ಅಂಗಳಕ್ಕೆ ಯಾರು ಬೇಕಾದರೂ ಹೋಗಬಹುದು. ನಡುವೆ ಬಾವಿ, ಸುತ್ತ ಕಲ್ಲಿನ ಕಮಾನುಗಳು. ಅಲ್ಲಿಂದ ಎರಡು ಹೆಜ್ಜೆಗೆ ಹೊಸ ಕಟ್ಟಡ. ಕೆಂಪು ಇಟ್ಟಿಗೆಯದು, ಅದರ ಮುಂದೆ ಹೆಚ್ಚು ಜನ ನಿಲ್ಲುವುದಿಲ್ಲ. 1939ರ ನವೆಂಬರ್ 6ರಂದು ಜರ್ಮನ್ ಅಧಿಕಾರಿಯೊಬ್ಬ ಉಪನ್ಯಾಸ ಇದೆ ಅಂತ ಪ್ರಾಧ್ಯಾಪಕರನ್ನೆಲ್ಲ ಇಲ್ಲಿಗೆ ಕರೆಸಿದ. ಬಂದರು. ಬಾಗಿಲು ಹಾಕಿಸಿ 183 ಜನರನ್ನು ಬಂಧಿಸಿದ. ಅವರಲ್ಲಿ ಹೆಚ್ಚಿನವರನ್ನು ಜರ್ಮನಿಯ ಸಾಕ್ಸೆನ್‌ಹೌಸೆನ್ ಶಿಬಿರಕ್ಕೆ ಕಳಿಸಿದರು. ಕೆಲವರು ಅಲ್ಲೇ ಸತ್ತರು. ಕಟ್ಟಡಕ್ಕೆ ಒಂದು ಗೀರೂ ಬೀಳಲಿಲ್ಲ. ಇವತ್ತು ಅದರ ಮೆಟ್ಟಿಲ ಮೇಲೆ ಹುಡುಗ ಹುಡುಗಿಯರು ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು.

ಯುದ್ಧದ ಕಾಲದಲ್ಲಿ ಜರ್ಮನ್ನರು ಪೋಲೆಂಡಿನ ಒಂದು ದೊಡ್ಡ ಭಾಗವನ್ನು ಕ್ರಾಕೋವಿನಿಂದಲೇ ಆಳಿದರು. ಗವರ್ನರ್ ಹಾನ್ಸ್ ಫ್ರಾಂಕ್ ವಾವೆಲ್ ಅರಮನೆಯಲ್ಲೇ ಬೀಡುಬಿಟ್ಟಿದ್ದ. ಊರು ಅವರಿಗೆ ಬೇಕಿತ್ತು, ಊರಿನವರು ಬೇಕಿರಲಿಲ್ಲ.

11:50ಕ್ಕೆ ಸೇಂಟ್ ಮೇರಿ ಚರ್ಚಿನ ಒಳಗೆ ಇರಬೇಕು. ಆ ಹೊತ್ತಿಗೆ ದೊಡ್ಡ ಬಲಿಪೀಠದ ಬಾಗಿಲುಗಳನ್ನು ತೆರೆಯುತ್ತಾರೆ. ನ್ಯೂರೆಂಬರ್ಗ್‌ನಿಂದ ಬಂದ ವೈಟ್ ಸ್ಟಾಸ್ ಎಂಬ ಶಿಲ್ಪಿ 1477ರಿಂದ 1489ರವರೆಗೆ, ಹನ್ನೆರಡು ವರ್ಷ, ಇದನ್ನು ಕೆತ್ತಿದ. ಎತ್ತರ ಸುಮಾರು 13 ಮೀಟರ್. ನಡುವಿನ ಗೊಂಬೆಗಳು ಆಳೆತ್ತರ ಮೀರಿದವು, ಲಿಂಡೆನ್ ಮರದವು. ಒಬ್ಬ ಸನ್ಯಾಸಿನಿ ಉದ್ದನೆಯ ಕೋಲು ಹಿಡಿದು ಬಂದು ಒಂದೊಂದೇ ಬಾಗಿಲನ್ನು ಎಳೆದರು. ಒಳಗೆ ಬಂಗಾರ ಮತ್ತು ನೀಲಿ. ಮೇರಿ ಮೊಣಕಾಲೂರಿ ಕುಸಿಯುತ್ತಿದ್ದಾಳೆ, ಶಿಷ್ಯರು ಹಿಡಿದುಕೊಳ್ಳುತ್ತಿದ್ದಾರೆ. ದೇವರ ಮುಖಗಳಲ್ಲ ಅವು. ಉಬ್ಬಿದ ನರ, ಸುಕ್ಕು ಹಣೆ, ಕೆಲಸ ಮಾಡಿ ದಪ್ಪಗಾದ ಗೆಣ್ಣು. ಊರಿನ ಜನರನ್ನೇ ಎದುರಿಗೆ ಕೂರಿಸಿಕೊಂಡು ಕೆತ್ತಿದ್ದಾನೆ ಅನ್ನಿಸುತ್ತದೆ. ಐನೂರು ವರ್ಷದ ಹಿಂದಿನ ಕ್ರಾಕೋವಿನವರ ಮುಖ ನೋಡಬೇಕಾದರೆ ಇಲ್ಲಿ ನೋಡಬೇಕು. ಇದನ್ನೂ ನಾಜಿಗಳು ಬಿಚ್ಚಿ ಜರ್ಮನಿಗೆ ಹೊತ್ತೊಯ್ದಿದ್ದರು. ನ್ಯೂರೆಂಬರ್ಗ್ ಕೋಟೆಯ ನೆಲಮಾಳಿಗೆಯಲ್ಲಿ ಸಿಕ್ಕಿತು. 1946ರಲ್ಲಿ ಪೋಲೆಂಡಿಗೆ ವಾಪಸ್ ಬಂತು.

ಶಿಕ್ಷಕಿ ಚರ್ಚಿನ ಹೊರಗೆ ಕಾಯುತ್ತಿದ್ದರು. ಊಟಕ್ಕೆ ‘ಬಾರ್ ಮ್ಲೆಚ್ನಿ’ಗೆ ಕರೆದೊಯ್ದರು. ಹಾಲಿನ ಬಾರ್ ಅಂತ. ಕಮ್ಯುನಿಸ್ಟ್ ಕಾಲದಲ್ಲಿ ಕೆಲಸಗಾರರಿಗೆ ಕಡಿಮೆ ದುಡ್ಡಿನಲ್ಲಿ ಬಿಸಿ ಊಟ ಸಿಗಲಿ ಅಂತ ದೇಶದ ತುಂಬ ಹಬ್ಬಿದ ಊಟದಮನೆಗಳು. ಈಗಲೂ ಸರ್ಕಾರ ಸಹಾಯಧನ ಕೊಡುತ್ತದೆ. ಹಾಲು, ಹಿಟ್ಟು, ತರಕಾರಿಯ ಅಡುಗೆಯೇ ಇಲ್ಲಿ ಹೆಚ್ಚು. ಸಸ್ಯಾಹಾರಿಗಳಿಗೆ ಪೋಲೆಂಡಿನಲ್ಲಿ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಕೌಂಟರಿನಲ್ಲಿ ದುಡ್ಡು ಕೊಟ್ಟು ಚೀಟಿ ತಗೋಬೇಕು, ಅಡುಗೆಮನೆಯ ಕಿಂಡಿಗೆ ಕೊಡಬೇಕು, ಕೂಗಿದಾಗ ತಟ್ಟೆ ತರಬೇಕು, ಉಂಡ ತಟ್ಟೆ ಇನ್ನೊಂದು ಕಿಂಡಿಗೆ ಇಡಬೇಕು. ನಾನು ತಗೊಂಡದ್ದು ಪಿಯೆರೋಗಿ ರುಸ್ಕಿಯೆ. ನಮ್ಮ ಕಡುಬಿನ ಹಾಗೇ ಮಡಚಿ ನೀರಲ್ಲಿ ಬೇಯಿಸಿದ್ದು, ಒಳಗೆ ಆಲೂಗಡ್ಡೆ ಮತ್ತು ಪನೀರಿನಂಥ ಗಿಣ್ಣು. ಜೊತೆಗೆ ಸೌತೆಕಾಯಿ ಕೊಚ್ಚಿ ಹುಳಿಕೆನೆಯಲ್ಲಿ ಕಲಸಿದ ಮಿಜೇರಿಯಾ. ಕುಡಿಯಲು ಕೊಂಪೋತ್, ಹಣ್ಣು ಕುದಿಸಿದ ನೀರು. ಒಂದು ಎಚ್ಚರ. ಪಿಯೆರೋಗಿ ಮೇಲೆ ಹಂದಿಯ ಕೊಬ್ಬನ್ನು ಹುರಿದು ಉದುರಿಸುವ ಪದ್ಧತಿ ಇದೆ. ಬೇಡವೆಂದರೆ ‘ಬೆಸ್ ಸ್ಕ್ವಾರೆಕ್’ ಅಂತ ಮೊದಲೇ ಹೇಳಿ.

ಉಣ್ಣುತ್ತಾ ಅವರು ನನ್ನ ಊರು ಕೇಳಿದರು. ಕರ್ನಾಟಕದ ಗಡಿಯಲ್ಲಿ ನಿಪ್ಪಾಣಿ ಅಂತ, ಸಣ್ಣ ಊರು, ನಿಮಗೆ ಗೊತ್ತಿರಲಿಕ್ಕಿಲ್ಲ, ಹತ್ತಿರದ ದೊಡ್ಡ ಊರು ಕೊಲ್ಲಾಪುರ ಎಂದೆ. ಅವರು ಚಮಚ ಕೆಳಗಿಟ್ಟರು.

“ಕೊಲ್ಲಾಪುರ? ಹಾಗಾದರೆ ವಲಿವಡೆ ಗೊತ್ತಾ?”

ವಲಿವಡೆ ಗೊತ್ತಿಲ್ಲದೆ ಏನು! ಕೊಲ್ಲಾಪುರದ ಪಕ್ಕದ ಊರು. ಅಲ್ಲೇ ಗಾಂಧಿನಗರದ ಬಟ್ಟೆ ಪೇಟೆ. ನಮ್ಮ ಕಡೆಯ ಮದುವೆಗಳ ಜವಳಿ ಎಷ್ಟೋ ಅಲ್ಲಿಂದಲೇ ಬರುವುದು. ಗ್ದಾನ್‌ಸ್ಕಿನ ಈ ಹೆಂಗಸಿನ ಬಾಯಲ್ಲಿ ಆ ಹೆಸರು ಹೇಗೆ?

ಅವರು ಹೇಳಿದ್ದು ಇದು. 1940-41ರಲ್ಲಿ ಸೋವಿಯತ್ ಸರ್ಕಾರ ಪೂರ್ವ ಪೋಲೆಂಡಿನ ಲಕ್ಷಾಂತರ ಜನರನ್ನು ಸೈಬೀರಿಯಾಕ್ಕೆ, ಕಝಾಕಿಸ್ತಾನಕ್ಕೆ ಸಾಗಿಸಿತು. ಆಮೇಲೆ ಬಿಡುಗಡೆಯಾದವರಲ್ಲಿ ಸಾವಿರಾರು ಮಂದಿ ಇರಾನ್ ದಾರಿಯಾಗಿ ಹೊರಬಂದರು. ಅವರನ್ನು ಎಲ್ಲಿ ಇಟ್ಟುಕೊಳ್ಳಬೇಕು ಅಂತ ಪ್ರಶ್ನೆ ಬಂದಾಗ ಈಗಿನ ಗುಜರಾತಿನ ನವಾನಗರದ ಮಹಾರಾಜ ದಿಗ್ವಿಜಯಸಿಂಹಜಿ ಮಕ್ಕಳಿಗಾಗಿ ಬಾಲಾಚಡಿಯಲ್ಲಿ ಜಾಗ ಕೊಟ್ಟರು. ಅದು 1942. ಮರುವರ್ಷ ವಲಿವಡೆಯಲ್ಲಿ ಇನ್ನೂ ದೊಡ್ಡ ಶಿಬಿರ ಶುರುವಾಯಿತು. ಸುಮಾರು 5,000 ಜನ, ಹೆಚ್ಚಿನವರು ಹೆಂಗಸರು ಮಕ್ಕಳು. ಅಲ್ಲೇ ಶಾಲೆ, ಚರ್ಚು, ಆಸ್ಪತ್ರೆ. 1948ರವರೆಗೂ ಇದ್ದರು. ಯುದ್ಧ ಮುಗಿದರೂ ಅವರಲ್ಲಿ ಎಷ್ಟೋ ಜನಕ್ಕೆ ಹೋಗಲು ಊರೇ ಇರಲಿಲ್ಲ. ಗಡಿ ಸರಿದು ಅವರ ಹಳ್ಳಿಗಳು ಸೋವಿಯತ್ ಒಕ್ಕೂಟದ ಪಾಲಾಗಿದ್ದವು. ಇಂಗ್ಲೆಂಡ್, ಆಸ್ಟ್ರೇಲಿಯಾ ಅಂತ ಚದುರಿ ಹೋದರು. ಅವರು ಬಿಟ್ಟ ಶಿಬಿರಕ್ಕೆ ದೇಶವಿಭಜನೆಯಲ್ಲಿ ಮನೆ ಕಳೆದುಕೊಂಡ ಸಿಂಧಿಗಳು ಬಂದರು. ಅದೇ ಈಗಿನ ಗಾಂಧಿನಗರ.

“ನಮ್ಮ ಮಕ್ಕಳನ್ನು ನಿಮ್ಮ ಕಡೆಯವರು ಸಾಕಿದ್ದಾರೆ,” ಎಂದು ಅವರು ನನ್ನ ಕೊಂಪೋತಿನ ದುಡ್ಡು ವಾಪಸ್ ಕೊಟ್ಟರು. ಬೇಡವೆಂದರೂ ಕೇಳಲಿಲ್ಲ.

ವಾವೆಲ್ ಗುಡ್ಡವನ್ನು ಬೇಗ ದಾಟಿದೆ. ಅಂಗಳ ಸುತ್ತಿದೆ, ಕಥೀಡ್ರಲ್ ಒಳಗೆ ಹೋಗಿ ಬಂದೆ. ಅಲ್ಲಿನ ಸಿಗಿಸ್ಮಂಡ್ ಗಂಟೆ 1520ರಲ್ಲಿ ಎರಕ ಹೊಯ್ದದ್ದು, 12 ಟನ್ನಿಗೂ ಹೆಚ್ಚು ಭಾರ, ಬಾರಿಸಲು ಹನ್ನೆರಡು ಜನ ಬೇಕು. ನೋಡಲು ಸುಂದರ ಜಾಗವೇ. ಆದರೆ ನನ್ನ ಮನಸ್ಸು ಆಗಲೇ ಕೆಳಗಿನ ಕಾಜಿಮಿಯೆಜಿನಲ್ಲಿತ್ತು.

ಕಾಜಿಮಿಯೆಜ್ 1335ರಲ್ಲಿ ಬೇರೆಯೇ ಪಟ್ಟಣವಾಗಿ ಹುಟ್ಟಿದ್ದು. ಹದಿನೈದನೇ ಶತಮಾನದ ಕೊನೆಯಿಂದ ಇಲ್ಲಿ ಯಹೂದಿಗಳ ಕೇರಿ ಬೆಳೆಯಿತು. 1939ರಲ್ಲಿ ಕ್ರಾಕೋವಿನ ನಾಲ್ವರಲ್ಲಿ ಒಬ್ಬರು ಯಹೂದಿ, ಅರವತ್ತು ಸಾವಿರಕ್ಕೂ ಹೆಚ್ಚು ಜನ. ಈಗ ಷೆರೋಕಾ ಬೀದಿಯಲ್ಲಿ ಹೀಬ್ರೂ ಅಕ್ಷರದ ಬೋರ್ಡು ಹಾಕಿದ ಹೋಟೆಲುಗಳಿವೆ. ರಾತ್ರಿ ಯಹೂದಿ ಸಂಗೀತವೂ ಇರುತ್ತದೆ. ನುಡಿಸುವವರೂ ಕೇಳುವವರೂ ಬಹುಪಾಲು ಬೇರೆಯವರು. ಹಾಡು ಮರೆಯದೆ ಉಳಿಯಲಿ ಅನ್ನುವುದು ಒಳ್ಳೆಯದೇ. ಆದರೂ ಅದನ್ನು ಕೇಳಿ ನನಗೆ ಸಂತೋಷವಾಗಲಿಲ್ಲ.

ಆ ಬೀದಿಯ ರೆಮೂ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಚಿಕ್ಕದು. ಹಿಂದೆ ಹದಿನಾರನೇ ಶತಮಾನದ ಸ್ಮಶಾನ. 1572ರಲ್ಲಿ ತೀರಿಕೊಂಡ ಧರ್ಮಗುರು ರಬ್ಬಿ ಮೋಸೆಸ್ ಇಸರ್ಲಸ್ ಅವರ ಸಮಾಧಿ ಇಲ್ಲಿದೆ. ಯಹೂದಿ ಧರ್ಮನಿಯಮಗಳಿಗೆ ಅವರು ಬರೆದ ಟಿಪ್ಪಣಿಗಳನ್ನು ಇವತ್ತಿಗೂ ಯುರೋಪ್ ಮೂಲದ ಯಹೂದಿಗಳು ಪಾಲಿಸುತ್ತಾರೆ. ಸಮಾಧಿಯ ಮೇಲೆ ಸಣ್ಣ ಕಲ್ಲುಗಳು, ಮಡಚಿದ ಚೀಟಿಗಳು. ಯುದ್ಧದಲ್ಲಿ ಈ ಜಾಗವನ್ನು ಕಸದ ಗುಂಡಿ ಮಾಡಿದ್ದರು. ಒಡೆದ ಸಮಾಧಿಕಲ್ಲುಗಳ ಚೂರುಗಳನ್ನು ಆಮೇಲೆ ಒಟ್ಟುಗೂಡಿಸಿ ಒಂದು ಉದ್ದ ಗೋಡೆ ಕಟ್ಟಿದ್ದಾರೆ. ಒಂದರಲ್ಲಿ ಅರ್ಧ ಸಾಲು ಅಕ್ಷರ, ಒಂದರಲ್ಲಿ ಸಿಂಹದ ಪಾದ, ಒಂದರಲ್ಲಿ ಎರಡು ಕೈ. ಯಾರ ಹೆಸರೂ ಪೂರ್ತಿ ಇಲ್ಲ. ಗೋಡೆಯ ಈ ತುದಿಯಿಂದ ಆ ತುದಿಗೆ ಮೂರು ಸಲ ನಡೆದೆ.

ಅಲ್ಲಿಂದ ವಿಸ್ತುಲಾ ನದಿ ದಾಟಬೇಕು. ನಡೆಯುವವರಿಗೆ, ಸೈಕಲ್ಲಿನವರಿಗೆ ಅಂತಲೇ 2010ರಲ್ಲಿ ಕಟ್ಟಿದ ಸೇತುವೆ ಇದೆ. ಆಚೆ ದಡ ಪೊದ್ಗುಜೆ. 1941ರ ಮಾರ್ಚಿನಲ್ಲಿ ಜರ್ಮನ್ನರು ಇಲ್ಲಿ ಯಹೂದಿಗಳನ್ನು ಕೂಡಿಹಾಕಲು ಗೆಟ್ಟೋ ಎಂಬ ಕೇರಿ ಮಾಡಿ ಸುತ್ತ ಗೋಡೆ ಎಬ್ಬಿಸಿದರು. ಮೊದಲು ಮೂರು ಸಾವಿರ ಜನ ಇದ್ದ ಬೀದಿಗಳಿಗೆ ಹದಿನೈದು ಸಾವಿರಕ್ಕೂ ಹೆಚ್ಚು ಜನರನ್ನು ತುಂಬಿದರು. ಸಂಸಾರ ಕಟ್ಟಿಕೊಂಡು, ಮೇಜು ಕುರ್ಚಿ ಹೊತ್ತುಕೊಂಡು ಈ ನದಿ ದಾಟಿ ಬಂದರು. 1942ರಲ್ಲಿ ಸಾವಿರಾರು ಜನರನ್ನು ಬೆಲ್‌ಜೆಟ್ಸ್ ಕೊಲೆಶಿಬಿರಕ್ಕೆ ಸಾಗಿಸಿದರು. 1943ರ ಮಾರ್ಚ್ 13-14ರಂದು ಗೆಟ್ಟೋ ಮುಗಿಸಿದರು. ದುಡಿಯಬಲ್ಲವರನ್ನು ಪಕ್ಕದ ಪ್ವಾಶೂವ್ ಶಿಬಿರಕ್ಕೆ ಅಟ್ಟಿದರು. ಉಳಿದವರಲ್ಲಿ ಹಲವರನ್ನು ಬೀದಿಯಲ್ಲೇ ಕೊಂದರು, ಇನ್ನು ಕೆಲವರನ್ನು ಔಶ್ವಿಟ್ಸ್‌ಗೆ ಕಳಿಸಿದರು.

ಜನರನ್ನು ಒಟ್ಟು ಮಾಡುತ್ತಿದ್ದ ಚೌಕದಲ್ಲಿ ಈಗ ಕಬ್ಬಿಣ ಮತ್ತು ಕಂಚಿನ ಖಾಲಿ ಕುರ್ಚಿಗಳು ನಿಂತಿವೆ, ದೂರ ದೂರ, ಸಾಲಾಗಿ. 2005ರಲ್ಲಿ ಮಾಡಿದ ಸ್ಮಾರಕ. ಜನ ಹೋದ ಮೇಲೆ ಬೀದಿಯಲ್ಲಿ ಬಿದ್ದಿದ್ದದ್ದು ಅವರ ಸಾಮಾನು ಮಾತ್ರ, ಅದರ ನೆನಪಿಗೆ. ಬದಿಯ ಟ್ರಾಮ್ ಸ್ಟಾಪಿನಲ್ಲೂ ಅಂಥವೇ ಚಿಕ್ಕ ಕುರ್ಚಿ. ಅವುಗಳ ಮೇಲೆ ಕೂರಬಹುದು. ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು ಕೂತು ಟ್ರಾಮಿಗೆ ಕಾಯುತ್ತಿದ್ದರು. ದೊಡ್ಡ ಹೇಳಿಕೆ ಕೆತ್ತಿದ ಕಂಬಕ್ಕಿಂತ ಇದು ನನಗೆ ಹೆಚ್ಚು ತಾಗಿತು. ನಿತ್ಯದ ಓಡಾಟದ ನಡುವೆಯೇ ಇದೆ, ಯಾರೂ ಇದನ್ನು ತಪ್ಪಿಸಿಕೊಂಡು ಹೋಗುವ ಹಾಗಿಲ್ಲ.

ಚೌಕದ ಮೂಲೆಯಲ್ಲಿ ‘ಹದ್ದಿನ ಗುರುತಿನ’ ಔಷಧಿ ಅಂಗಡಿ. ಈಗ ಮ್ಯೂಸಿಯಂ. ಅದರ ಮಾಲೀಕ ತದೇಉಷ್ ಪಾನ್ಕಿಯೆವಿಚ್. ಯಹೂದಿಯಲ್ಲ. ಗೆಟ್ಟೋ ಒಳಗೆ ಅಂಗಡಿ ನಡೆಸಲು ಅನುಮತಿ ಪಡೆದು ಉಳಿದ ಒಬ್ಬನೇ ಪೋಲಿಷ್ ಔಷಧಿ ವ್ಯಾಪಾರಿ. ಅವನೂ, ಅವನ ಅಂಗಡಿಯಲ್ಲಿದ್ದ ಹೆಣ್ಣುಮಕ್ಕಳೂ ಔಷಧಿ ಪುಕ್ಕಟೆ ಕೊಟ್ಟರು, ಪತ್ರ ಸಾಗಿಸಿದರು. ವಯಸ್ಸಾದವರು ದುಡಿಯಬಲ್ಲವರಂತೆ ಕಾಣಲಿ ಅಂತ ಕೂದಲಿನ ಬಣ್ಣ ಕೊಟ್ಟರು. ತಪಾಸಣೆಯ ಹೊತ್ತಿಗೆ ಬಚ್ಚಿಟ್ಟ ಮಕ್ಕಳು ಅಳದಿರಲಿ ಅಂತ ನಿದ್ದೆಯ ಔಷಧಿ ಕೊಟ್ಟರು. ಒಳಗೆ ಮರದ ಡ್ರಾಯರುಗಳನ್ನು ಎಳೆದು ನೋಡಬಹುದು. ಒಂದೊಂದರಲ್ಲೂ ಒಂದು ಫೋಟೊ, ಒಂದು ಕಾಗದ, ಒಬ್ಬರ ಮಾತು. ದೊಡ್ಡ ಮ್ಯೂಸಿಯಂಗಳಲ್ಲಿ ಸಿಗದ್ದು ಈ ಕೆಲವೇ ಕೋಣೆಗಳಲ್ಲಿ ಸಿಕ್ಕಿತು.

ಹತ್ತಿರದ ಲಿಪೋವಾ ಬೀದಿಯಲ್ಲಿ ಓಸ್ಕರ್ ಶಿಂಡ್ಲರನ ಎನಾಮಲ್ ಪಾತ್ರೆ ಕಾರ್ಖಾನೆ. ಕೆಲಸಕ್ಕಿಟ್ಟುಕೊಂಡು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಉಳಿಸಿದ ಜರ್ಮನ್ ಉದ್ಯಮಿ ಅವನು. ಜಗತ್ತಿಗೆಲ್ಲ ಗೊತ್ತಿರುವ ಕಥೆ, ಅದಕ್ಕೇ ಜನಜಂಗುಳಿ. ಟಿಕೆಟ್ ಮುಂಚೆಯೇ ತೆಗೆದಿಡಬೇಕು. ಒಳಗಿನ ಪ್ರದರ್ಶನ ಅವನಿಗಿಂತ ಹೆಚ್ಚಾಗಿ 1939ರಿಂದ 1945ರವರೆಗಿನ ಕ್ರಾಕೋವಿನ ಬಗ್ಗೆ. ಚೆನ್ನಾಗಿದೆ. ಆದರೆ ಎರಡರಲ್ಲಿ ಒಂದನ್ನೇ ನೋಡಲು ಸಮಯ ಇದೆ ಅಂದರೆ ಔಷಧಿ ಅಂಗಡಿಗೆ ಹೋಗಿ ಅಂತ ಹೇಳುತ್ತೇನೆ.

ವಾಪಸ್ ಬರುವಾಗ ಕತ್ತಲಾಗಿತ್ತು. ಪ್ಲಾಟ್ಸ್ ನೋವಿ ಚೌಕದ ದುಂಡು ಕಟ್ಟಡದ ಕಿಂಡಿಯಲ್ಲಿ ಜಾಪಿಯೆಕಾಂಕಾ ಕೊಂಡೆ. ಅರ್ಧ ಸೀಳಿದ ಉದ್ದನೆಯ ಬ್ರೆಡ್ ಮೇಲೆ ಅಣಬೆ, ಚೀಸ್ ಹಾಕಿ ಸುಟ್ಟದ್ದು. ಅರ್ಧ ತಿನ್ನುವಷ್ಟರಲ್ಲಿ ಸಾಕೆನಿಸಿತು. ಅನ್ನ ಬೇಕಿತ್ತು.

ಹಾಸ್ಟೆಲಿನ ಅಡುಗೆಮನೆಯೇ ಆ ಮನೆಯ ನಡುಮನೆ. ಉದ್ದ ಮೇಜು, ಎರಡು ಒಲೆ, ಹೆಸರು ತಾರೀಕು ಬರೆದು ಅಂಟಿಸಿದ ಡಬ್ಬಗಳಿರುವ ಫ್ರಿಜ್. ಹೋದವರು ಬಿಟ್ಟುಹೋದ ಸಾಮಾನಿಗೆ ಬೇರೆ ಕಪಾಟು, ಯಾರು ಬೇಕಾದರೂ ಬಳಸಬಹುದು. ಅಲ್ಲಿ ಅಕ್ಕಿ ಸಿಕ್ಕಿತು. ಬೀದಿಯ ಅಂಗಡಿಯಿಂದ ಮೊಸರು ತಂದೆ. ಶೇಂಗಾ ಚಟ್ನಿಪುಡಿ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಬ್ರೆಜಿಲಿನ ವಿದ್ಯಾರ್ಥಿಯೊಬ್ಬ ಮೊಟ್ಟೆ ಹುರಿಯುತ್ತಿದ್ದ. ಕೊರಿಯಾದ ಇಬ್ಬರು ಹುಡುಗಿಯರು ನೂಡಲ್ಸ್ ಕುದಿಸುತ್ತಿದ್ದರು. ರಾತ್ರಿ ಪಾಳಿಯ ರಿಸೆಪ್ಷನಿಸ್ಟ್ ಚಹಾ ಮಾಡಿಕೊಳ್ಳಲು ಬಂದಳು. ಮೂವತ್ತು ಮೂವತ್ತೆರಡರ ವಯಸ್ಸು, ಯುಕ್ರೇನಿನ ಹಾರ್ಕಿವ್ ಊರಿನವಳು. 2022ರ ಮಾರ್ಚಿನಲ್ಲಿ ತಾಯಿ ಮತ್ತು ಮಗನ ಜೊತೆ ಗಡಿ ದಾಟಿದ್ದಾಳೆ. ಅಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದಳು.

ಮೊಸರನ್ನಕ್ಕೆ ಚಟ್ನಿಪುಡಿ ಉದುರಿಸಿ ಒಂದು ಬಟ್ಟಲು ಅವಳಿಗೂ ಕೊಟ್ಟೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಪೂರ್ತಿ ತಿಂದಳು. ಇವತ್ತು ಎಲ್ಲೆಲ್ಲಿ ಹೋಗಿದ್ದೆ ಅಂತ ಕೇಳಿದಳು. ಹೇಳಿದೆ.

“ಇಲ್ಲಿ ಬಂದ ಹೊಸದರಲ್ಲಿ ನಮಗೆ ದಿನಸಿ, ಮಗನಿಗೆ ಬೂಟು ಕೊಟ್ಟದ್ದು ಯಹೂದಿ ಸಮುದಾಯ ಕೇಂದ್ರದವರು,” ಎಂದಳು. “ಇಲ್ಲೇ, ಎರಡು ಬೀದಿ ಆಚೆ. ನಾವು ಯಹೂದಿಗಳಾ ಅಂತ ಯಾರೂ ಕೇಳಲಿಲ್ಲ.”

ಆ ಕೇಂದ್ರ 2008ರಲ್ಲಿ ತೆರೆದದ್ದು. ಈಗ ಕ್ರಾಕೋವಿನಲ್ಲಿ ಉಳಿದಿರುವ ಯಹೂದಿಗಳು ಬಹಳ ಕಡಿಮೆ. ಅವರೇ ಯುಕ್ರೇನಿನ ಯುದ್ಧ ಶುರುವಾದಾಗಿನಿಂದ ಅಲ್ಲಿಂದ ಬಂದ ಸಾವಿರಾರು ಜನರಿಗೆ ಊಟ, ಬಟ್ಟೆ, ತಂಗಲು ಜಾಗ ಅಂತ ನೆರವಾಗಿದ್ದಾರೆ.

ಹಾರ್ಕಿವಿನ ಮನೆ ಹೇಗಿದೆ ಅಂತ ನಾನು ಕೇಳಲಿಲ್ಲ. ಅವಳೇ ಫೋನಿನಲ್ಲಿ ತೋರಿಸಿದಳು. ಕಟ್ಟಡ ನಿಂತಿದೆ, ಕಿಟಕಿಗಳಿಗೆ ಹಲಗೆ ಹೊಡೆದಿದ್ದಾರೆ. ಕೆಳಗಿನ ಮನೆಯವರು ಕೀಲಿಕೈ ಇಟ್ಟುಕೊಂಡು ಅವಳ ಗಿಡಗಳಿಗೆ ನೀರು ಹಾಕುತ್ತಿದ್ದಾರೆ.

ಗುರುವಾರ

ವಿಯೆಲಿಚ್ಕಾಕ್ಕೆ ಮುಖ್ಯ ಸ್ಟೇಷನ್ನಿನಿಂದ ಲೋಕಲ್ ರೈಲು, ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಗಣಿಯಲ್ಲಿ ಹದಿಮೂರನೇ ಶತಮಾನದಿಂದ 1996ರವರೆಗೆ ಉಪ್ಪು ತೆಗೆದಿದ್ದಾರೆ. ಮರದ ಮೆಟ್ಟಿಲು ಇಳಿದೂ ಇಳಿದೂ ಮುಗಿಯುವುದಿಲ್ಲ. ಮಂಡಿ ನೋವಿರುವವರು ಯೋಚಿಸಿ ಹೋಗಿ. ನೆಲದಿಂದ 101 ಮೀಟರ್ ಕೆಳಗೆ ಸೇಂಟ್ ಕಿಂಗಾ ಚಾಪೆಲ್. ನೆಲ, ಗೋಡೆಯ ಚಿತ್ರ, ಬಲಿಪೀಠ ಎಲ್ಲ ಉಪ್ಪು. ದೀಪಗುಚ್ಛದ ಹರಳುಗಳೂ ಉಪ್ಪೇ. ಇದನ್ನು ಕೆತ್ತಿದವರು ಕಲಾಶಾಲೆಯಿಂದ ಬಂದವರಲ್ಲ, ಗಣಿಯ ಕೆಲಸಗಾರರು. ಮೂವರ ಹೆಸರು ದಾಖಲಾಗಿದೆ: ಯೂಸೆಫ್ ಮಾರ್ಕೋವ್‌ಸ್ಕಿ, ಅವನ ತಮ್ಮ ತೊಮಾಶ್, ಆಮೇಲೆ ಆಂತೋನಿ ವಿರೋದೆಕ್. 1896ರಲ್ಲಿ ಶುರುವಾದ ಕೆಲಸ ದಶಕಗಳ ಕಾಲ ನಡೆಯಿತು. ನನ್ನ ಗೈಡ್ ಆ ಮೂರು ಹೆಸರನ್ನು ಎರಡು ಸಲ ಹೇಳಿದಳು. ಎಲ್ಲರೂ ಕೇಳಿಸಿಕೊಳ್ಳಲಿ ಅಂತ ಕಾಣುತ್ತದೆ. ಗೋಡೆ ನೆಕ್ಕಿ ನೋಡಬಹುದು ಎಂದೂ ಹೇಳಿದಳು. ನೆಕ್ಕಿದೆ. ಉಪ್ಪೇ.

ಸಂಜೆ ಚೀಲ ಕಟ್ಟಿದೆ. ಶಿಕ್ಷಕಿ ಬೆಳಿಗ್ಗೆಯೇ ಹೊರಟಿದ್ದರು. ನನ್ನ ದಿಂಬಿನ ಮೇಲೆ ಒಂದು ಚೆಸ್ಟ್‌ನಟ್ ಕಾಯಿ, ಅವರ ಇಮೇಲ್ ವಿಳಾಸ ಬರೆದ ಚೀಟಿ. ಉಳಿದ ಚಟ್ನಿಪುಡಿಯನ್ನು ಹಾರ್ಕಿವಿನವಳ ಹೆಸರು ಬರೆದು ಫ್ರಿಜ್ಜಿನ ಮೇಲಿಟ್ಟೆ.

ರೈಲಿಗೆ ಇನ್ನೂ ಹೊತ್ತಿತ್ತು. ಪ್ಲಾಂಟಿಯ ಬೆಂಚಿನ ಮೇಲೆ ಕೂತು ನಿಪ್ಪಾಣಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಊಟ ಮುಗಿದಿತ್ತು. ವಲಿವಡೆಯ ವಿಷಯ ಅವ್ವನಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

“ನಿಮ್ಮ ಅಜ್ಜ ಅಂತಿದ್ರಲ್ಲ, ಗೋರ್ಯಾರ ಹೆಣಮಕ್ಕಳು ಕೊಲ್ಲಾಪುರದ ಪ್ಯಾಟ್ಯಾಗ ಕಾಯಿಪಲ್ಯಾ ಕೊಳ್ಳಾಕ ಬರ್ತಿದ್ರು ಅಂತ. ಆ ಮಂದಿನ ಇವರು?”

“ಹೌದವ್ವಾ, ಅವರೇ.”

“ಹಂಗಾರ ನೀ ಬಂದಾಗ ಹೋಗಿ ನೋಡ್ಕೊಂಡು ಬರೂಣು. ಹೆಂಗೂ ದೀಪಾವಳಿಗೆ ಗಾಂಧಿನಗರದಾಗ ಸೀರಿ ತರೂದೈತಿ.”